ಅನಸುಬಾಯಿಯವರ ಒಣಖಾರ

ಸೇಡಂ
೯ ಮಾರ್ಚ್ ೨೦೨೫, ಆದಿತ್ಯವಾರ

ಚಿ. ಯಶೋಧರಾಗೆ ಪದ್ಮಾಬಾಯಿಯ ಆಶೀರ್ವಾದಗಳು.

ಹಿಂದಾದರೆ ಹೆಸರಿನ ಮುಂದೆ ‘ಸೌ.’ ಎಂದು ಬರೆದು, ಕೊನೆಗೆ ‘ನಿನ್ನ ಅತ್ತೆ’ ಎಂದು ಹಾಕುತ್ತಿದ್ದೆ. ಡಿಸೆಂಬರ್‌ನಲ್ಲಿ ಕೋರ್ಟಿನ ಕಾಗದ ಬಂದ ಮೇಲೆ ಏನು ಬರೆಯಬಹುದು, ಏನು ಬರೆಯಬಾರದು ಎಂದು ತಿಳಿಯುತ್ತಿಲ್ಲ. ನೀನು ನನ್ನ ಫೋನ್ ಎತ್ತುವುದಿಲ್ಲ. ಅದರಲ್ಲಿ ನಿನ್ನ ತಪ್ಪಿಲ್ಲ. ಆದ್ದರಿಂದ ಚಿಂಚೋಳಿಯ ನಿನ್ನ ಶಾಲೆಯ ವಿಳಾಸಕ್ಕೆ ಇದನ್ನು ರಿಜಿಸ್ಟರ್ ಮಾಡುತ್ತಿದ್ದೇನೆ. ಓದದೆ ಹರಿದು ಹಾಕಬೇಕು ಎನಿಸಿದರೆ ಜೊತೆಗಿರುವ ಹಾಳೆಯನ್ನಾದರೂ ತೆಗೆದಿಟ್ಟುಕೋ. ಅದು ತೀರಿಹೋದ ನಿನ್ನ ಅವ್ವ ಅನಸುಬಾಯಿಯವರದು.

ತಡವಾಯಿತು. ಎರಡು ವರ್ಷದ ಹಿಂದೆ, ಇದೇ ತಿಂಗಳು, ಬ್ಯಾಗು ಹೊಸ್ತಿಲ ಆಚೆ ಇಟ್ಟು, ನಿನ್ನ ಅವ್ವ ಈ ಮನೆಗೆ ಕೊನೆಯ ಸಲ ಬಂದ ದಿನದ ಬಗ್ಗೆ ನೀನು ಒಂದೇ ಮಾತು ಕೇಳಿದ್ದೆ. “ಅತ್ತ್ಯಾರ, ಅವತ್ತು ನಮ್ಮವ್ವಗ ನೀವು ಏನಂದ್ರಿ?” ನಾನು ಏನೂ ಅಂದಿಲ್ಲ ಎಂದೆ. ಮೂರು ಸಲ ಕೇಳಿದೆ, ಮೂರು ಸಲವೂ ಅದನ್ನೇ ಹೇಳಿದೆ. ಕೌಸ್ತುಭ ಬಾಗಿಲಲ್ಲಿ ನಿಂತು, “ಅಮ್ಮ ಹಂಗೆಲ್ಲಾ ಅನ್ನೋಕಿ ಅಲ್ಲ, ಯಶು” ಎಂದ. ನೀನು ಅವನ ಮುಖ ಒಮ್ಮೆ ನೋಡಿ ಆಟೋ ಹತ್ತಿದೆ. ನಿಮ್ಮ ಸಂಸಾರ ಮುರಿದದ್ದು ಕೋರ್ಟಿನಲ್ಲಿ ಅಲ್ಲ, ಆ ಮಾತಿಗೆ ಎಂದು ನನಗೆ ಆವತ್ತೇ ಗೊತ್ತಿತ್ತು. ನಾನು ಹೇಳಿದ್ದು ಸುಳ್ಳು. ಏನಾಯಿತೆಂದು ಬರೆಯಬೇಕೆಂದೇ ಕೂತಿದ್ದೇನೆ. ಆದರೆ ಮೊದಲು ಖಾರದ ವಿಷಯ ಮುಗಿಸುತ್ತೇನೆ. ಕೈಗೆ ಸ್ವಲ್ಪ ಧೈರ್ಯ ಬರಲಿ.

ಕಳೆದ ತಿಂಗಳು ಗಿರಣಿ ಹಾಜಿಸಾಬರ ಸೊಸೆ ಫಿರ್ದೋಸ್ ಬಂದಿದ್ದಳು. “ಮೌಶಿ, ಯಶೋಧರಾ ಫೋನ್ ಮಾಡಿದ್ಲು. ಅವರವ್ವ ಕೋಳಿಗಿ ಹಚ್ಚೂ ಖಾರ ಹ್ಯಾಂಗ ಮಾಡ್ತಿದ್ಲು, ನಿನಗೇನರ ಹೇಳ್ಯಾಳೇನು ಅಂತ ಕೇಳಿದ್ಲು. ಮಾಡಿ ಮಾಡಿ ನೋಡ್ಯಾಳಂತ, ಬರವಲ್ದಂತ. ಫೋನಿನ್ಯಾಗ ದನಿ ಒಂಥರಾ ಆಗಿತ್ತು,” ಎಂದಳು. ಅವಳು ಹೋದ ಮೇಲೆ ಟ್ರಂಕಿನ ತಳದಿಂದ ಒಂದು ಕ್ಯಾಲೆಂಡರ್ ಹಾಳೆ ತೆಗೆದೆ. ೨೦೨೨ನೇ ಇಸವಿಯ ಏಪ್ರಿಲ್ ತಿಂಗಳದು. ಹಿಂಬದಿಯಲ್ಲಿ ನನ್ನ ಅಕ್ಷರ, ನಿನ್ನ ಅವ್ವನ ಮಾತು. ಇಂಥದೊಂದು ಹಾಳೆ ಈ ಮನೆಯಲ್ಲಿದೆ ಎಂದು ನಿನಗೂ ಗೊತ್ತಿಲ್ಲ, ಅಲ್ಲಿಯವರೆಗೆ ಇನ್ನಾರಿಗೂ ಗೊತ್ತಿರಲಿಲ್ಲ.

ಅದು ನನ್ನ ಕೈಗೆ ಹೇಗೆ ಬಂತು ಎಂದು ಹೇಳುತ್ತೇನೆ.

ನೀನು ಮದುವೆಯಾಗಿ ಬಂದಾಗ ನಿನ್ನ ಸಾಮಾನಿನಲ್ಲಿ ಒಂದು ಸ್ಟೀಲಿನ ಡಬ್ಬಿ ಇತ್ತು. ಮುಚ್ಚಳ ತೆಗೆದರೆ ಅಡಿಗೆಮನೆಯೆಲ್ಲ ಘಮಘಮ. ಉಳ್ಳಾಗಡ್ಡಿ, ಬೆಳ್ಳುಳ್ಳಿಯ ವಾಸನೆ ಇಲ್ಲ. ಸರಿ, ಇದು ಬೀಗರ ಮನೆಯ ಮಸಾಲೆ ಎಂದುಕೊಂಡು ಬದನೆಕಾಯಿ ಪಲ್ಯಕ್ಕೆ ಹಾಕಿದೆ. ನಿನ್ನ ಮಾವನವರು ಎರಡನೇ ಸಲ ಬಡಿಸಿಕೊಂಡು, “ಪದ್ಮಾ, ನಲ್ವತ್ತು ವರ್ಷಕ್ಕ ಇವತ್ತು ನಿನಗ ಅಡಿಗಿ ಬಂತು ನೋಡು,” ಎಂದರು. ನೀನು ವೇಲಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದೆ. ನೆಗಡಿ ಎಂದುಕೊಂಡೆ. ಎರಡು ತಿಂಗಳು ಆ ಖಾರ ನಮ್ಮ ಬದನೆಕಾಯಿಗೆ, ಹೀರೆಕಾಯಿಗೆ, ಏಕಾದಶಿಯ ಮರುದಿನ ದೇವರ ನೈವೇದ್ಯದ ಪಲ್ಯಕ್ಕೆ ಬಿತ್ತು. ನೀನು ಅತ್ತ ಆದಿತ್ಯವಾರಕ್ಕೊಮ್ಮೆ ಫಿರ್ದೋಸಳ ಮನೆಗೆ ಹೊಲಿಗೆ ಕಲಿಯಲು ಹೋಗುತ್ತಿದ್ದೆ. ಎರಡು ತಿಂಗಳಲ್ಲಿ ಒಂದು ಜಂಪರೂ ಹೊಲಿದು ತರಲಿಲ್ಲ. ಏನು ಹೊಲಿಗೆ ನಡೆದಿತ್ತು, ಅಲ್ಲಿ ಕೋಳಿಗೆ ಎಷ್ಟು ಖಾರ ಬಿತ್ತು ಎಂದು ಫಿರ್ದೋಸ್ ಮೊನ್ನೆ ಬಾಯಿ ಬಿಟ್ಟಳು. ನಾನು ಈ ಕಡೆಯಿಂದ, ನೀನು ಆ ಕಡೆಯಿಂದ, ಡಬ್ಬಿ ಬೇಗ ಖಾಲಿಯಾದದ್ದರಲ್ಲಿ ಆಶ್ಚರ್ಯವಿಲ್ಲ. ಮೊನ್ನೆ ಅದನ್ನು ಕೇಳಿ ಒಬ್ಬಳೇ ಕೂತು ನಕ್ಕೆ. ಆಮೇಲೆ ನಗು ನಿಂತಿತು.

ನಿನ್ನ ಅವ್ವ ಬಂದದ್ದು ಡಬ್ಬಿ ಖಾಲಿಯಾದ ಮೇಲೆ. ಏಪ್ರಿಲ್ ಬಿಸಿಲು. ನಾಲವಾರದಿಂದ ರೈಲಿನಲ್ಲಿ ವಾಡಿಗೆ ಬಂದು, ಅಲ್ಲಿ ಗಾಡಿ ಬದಲಿಸಿ, ಸ್ಟೇಷನ್ನಿನಿಂದ ನಡೆದೇ ಬಂದಿದ್ದರು. ನೀನು ಶಾಲೆಯಲ್ಲಿದ್ದೆ, ಕೌಸ್ತುಭ ಆಫೀಸಿನಲ್ಲಿ, ನಿನ್ನ ಮಾವನವರು ಮಳಖೇಡಕ್ಕೆ ಹೋಗಿದ್ದರು. ಮನೆಯಲ್ಲಿ ನಾವಿಬ್ಬರೇ. ಕುರ್ಚಿ ತೋರಿಸಿದರೆ, “ಬ್ಯಾಡ್ರಿ ಬೀಗ್ತ್ಯಾರ, ನಿಮ್ಮ ಹಾಸಗಲ್ಲು ಭಾಳ ತಂಪು ಅದಾವ,” ಎಂದು ಪಡಸಾಲೆಯ ನೆಲದ ಮೇಲೆ ಕೂತರು. ನೀರು ಕೊಟ್ಟೆ, ಚಹಾ ಕೊಟ್ಟೆ. ಬಾಯಿ ತುಂಬ ಹೊಗಳಿದೆ. ನಮ್ಮ ಮನೆಯವರಿಗೆ ನಿಮ್ಮ ಖಾರದ ಹುಚ್ಚು ಹಿಡಿದಿದೆ, ಮಾಡುವ ಬಗೆ ಹೇಳಿಕೊಡಿ, ಬರೆದುಕೊಳ್ಳುತ್ತೇನೆ ಎಂದೆ. ಅವರ ಮುಖ ಹೇಗಾಯಿತು ಗೊತ್ತೇನು. “ಬರ್ಕೋರಿ, ಬರ್ಕೋರಿ. ನನಗ ಬರ್ಯಾಕ ಬರಂಗಿಲ್ಲ. ನಮ್ಮ ಪೋರಿಗಿ ಕೂತು ಕೇಳೂ ಪುರಸತ್ತಿಲ್ಲ. ಪುಸ್ತಕದಾಗ ಇದ್ರ ಓದ್ತಿದ್ಲು,” ಎಂದರು. ನಾನು ಗೋಡೆಯ ಕ್ಯಾಲೆಂಡರಿನಿಂದ ಹಾಳೆ ಹರಿದೆ.

ಅವರು ಅಂಗೈ ಚಾಚಿ ಅಳತೆ ತೋರಿಸುತ್ತಿದ್ದರು. ನಾನು ಅಷ್ಟೇ ಕಾಳು ತಂದು ಅವರ ಕೈಯಲ್ಲಿ ಹಾಕಿ, ಮತ್ತೆ ಲೋಟಕ್ಕೆ ಸುರಿದು ನೋಡಿ ಬರೆಯುತ್ತಿದ್ದೆ. ಹೀಗೆ ಒಂದು ತಾಸು ಕೂತೆವು. ಕೊತ್ತಂಬರಿ ಕಾಳು ಎರಡು ಲೋಟ. ಬ್ಯಾಡಗಿ ಮೆಣಸಿನಕಾಯಿ ನಲವತ್ತು, ಗುಂಟೂರಿನದು ಹದಿನೈದು. ಎರಡು ದಿನ ಬಿಸಿಲಿಗೆ ಹಾಕಿದ ಮೆಣಸಿನಕಾಯಿಯನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಸಾಕು, ಕಪ್ಪಾಗಬಾರದು. ಒಣಕೊಬ್ಬರಿ ಅರ್ಧ ಬಟ್ಟಲು. ಬಿಳಿ ಎಳ್ಳು ಒಂದು ಮುಷ್ಟಿ, ಗಸಗಸೆ ಅದರ ಅರ್ಧ. ಜೀರಿಗೆ, ಶಹಾಜೀರಿಗೆ, ಕರಿಮೆಣಸು, ಲವಂಗ, ದಾಲ್ಚಿನ್ನಿ, ದೊಡ್ಡ ಯಾಲಕ್ಕಿ, ಇವುಗಳ ಲೆಕ್ಕ ಹಾಳೆಯಲ್ಲಿದೆ. ದಗಡಫೂಲನ್ನು, ಅಂದರೆ ಕಲ್ಲುಹೂವನ್ನು, ಒಲೆ ಆರಿಸಿದ ಮೇಲೆ ಬಿಸಿ ಬಾಣಲೆಗೆ ಹಾಕಿ ಮುಚ್ಚಬೇಕು. ಬೆಂಕಿ ಕಂಡರೆ ಕಹಿಯಾಗುತ್ತದೆ. ಕೊನೆಗೆ ಅರಿಶಿನ, ಹುರಿದ ಉಪ್ಪು. “ಒಂದೊಂದ ಬ್ಯಾರೆ ಬ್ಯಾರೆ ಹುರೀರಿ. ಎಣ್ಣಿ ಮುಟ್ಟಿಸಬ್ಯಾಡ್ರಿ, ಎಣ್ಣಿ ತಾಗಿದ್ರ ತಿಂಗಳಿಗಿ ಕಮಟು ಬರ್ತದ. ಬಳ್ಳೊಳ್ಳಿನೂ ಡಬ್ಬ್ಯಾಗ ಬ್ಯಾಡ, ಹಚ್ಚೂ ಮುಂದ ಬ್ಯಾರೆ ಜಜ್ಜಿಕೊಂಡ್ರಾತು. ಕುಟ್ಟೂದು ಸಣ್ಣ ರವಾ ಹಂಗ ಇರ್ಲಿ. ಹಿಟ್ಟು ಮಾಡಿದ್ರ ನೀರು ಬಿಟ್ಟು ರಾಡಿ ಆಗ್ತದ,” ಎಂದರು. ಬದನೆಕಾಯಿಗೂ ಹಾಗೇ ಆಗುತ್ತದೆ ಎಂದು ನಾನು ತಲೆಯಾಡಿಸಿದೆ.

ಹಾಳೆಯಲ್ಲಿ ಹದಿನೈದು ಸಾಮಾನು ಇವೆ. ಅಷ್ಟನ್ನೂ ಹಾಕಿ ನಾನು ಕಳೆದ ತಿಂಗಳೇ ಮಾಡಿ ನೋಡಿದೆ.

ನಿನ್ನ ಮಾವನವರು ಘಾಟಿಗೆ ಕೆಮ್ಮುತ್ತ ಬಂದು, “ಯಾರಿಗೆ ಇದು?” ಎಂದರು. ಯಶೋಧರಾಗೆ ಎಂದೆ. “ಆಕಿ ಇನ್ನ ನಮ್ಮಾಕಿ ಅಲ್ಲ,” ಎಂದರು. ಬೈದು ಹೇಳಲಿಲ್ಲ, ಸುಮ್ಮನೆ ಹೇಳಿದರು. ಕೊಬ್ಬರಿ ತುರಿಯುವ ಮಣೆಯನ್ನು ತಾವೇ ಹತ್ತಿರ ಸರಿಸಿಕೊಟ್ಟು ಹೊರಗೆ ಹೋದರು.

ಹುರಿದದ್ದನ್ನು ಹಾಜಿಸಾಬರ ಗಿರಣಿಯಲ್ಲಿ ಒಡೆಸಿಕೊಂಡು ಫಿರ್ದೋಸಳ ಅಂಗಳಕ್ಕೆ ಹೋದೆ. ಕೋಳಿ ಅವಳೇ ತಂದಳು, ತೊಳೆದಳು, ಖಾರ ತಿಕ್ಕಿ ಅರ್ಧ ತಾಸು ಬಿಟ್ಟು ತವಾ ಮೇಲೆ ಸುಟ್ಟಳು. ನಾನು ಮುಖ ಆಚೆ ತಿರುಗಿಸಿ ಕೂತಿದ್ದೆ. ನಿನ್ನ ಮುಂದೆ ದೊಡ್ಡವಳಾಗಲು ಸುಳ್ಳು ಬರೆಯುವುದಿಲ್ಲ. ನಾನು ತಿನ್ನಲಿಲ್ಲ, ಮುಟ್ಟಲೂ ಇಲ್ಲ. ಎಪ್ಪತ್ತರ ಹತ್ತಿರ ಬಂದೆ, ನನ್ನ ಮೈ ಬದಲಾಗುವುದಿಲ್ಲ. ಮನೆಗೆ ಬಂದು ಸ್ನಾನವನ್ನೂ ಮಾಡಿದೆ.

ಫಿರ್ದೋಸ್ ಒಂದು ತುಂಡು ತಿಂದು, ಇನ್ನೊಂದನ್ನೂ ಮುರಿದು ಬಾಯಿಗಿಟ್ಟಳು.

“ಛಲೋ ಆಗ್ಯಾದ, ಮೌಶಿ. ಖರೇ ಹೇಳ್ಲೇನು? ಯಶೋಧರಾನ ಅವ್ವಂದು ಅಲ್ಲ ಇದು.”

“ಏನು ಕಡಿಮಿ ಆಗ್ಯಾದ ಹೇಳು.”

“ಅದೇ ತಿಳಿವಲ್ದು. ನುಂಗಿದ ಮ್ಯಾಲ ಗಂಟಲದಾಗ ಒಂದೀಟು ಹುಳಿ ನಿಲ್ತಿತ್ತು. ಹುಳಿ ಅಂದ್ರ ಹುಳಿನೂ ಅಲ್ಲ. ನಿಮಗ ಹ್ಯಾಂಗ ಹೇಳ್ಲಿ, ನೀವು ತಿಂದೋರಲ್ಲ.”

“ನಾ ಎರಡು ತಿಂಗಳು ಬದನಿಕಾಯ್ಯಾಗ ತಿಂದೀನವ್ವ,” ಎಂದೆ. ನಕ್ಕಳು. ಆದರೆ ನನ್ನ ನಾಲಿಗೆಗೂ ಅದು ನೆನಪಿಗೆ ಬರುತ್ತಿಲ್ಲ.

ಮುಂದಿನ ಆದಿತ್ಯವಾರ ಮಾವಿನಕಾಯಿ ಪುಡಿ ಹಾಕಿ ನೋಡಿದೆವು. ಅದರ ಮುಂದಿನ ವಾರ ಒಣಗಿಸಿದ ಹುಣಸೆ ಚಿಗುರು. ಇವತ್ತು ಅನಾರದಾನಾ, ಒಣಗಿಸಿದ ದಾಳಿಂಬೆ ಬೀಜ. ಮೂರೂ ಅಲ್ಲ ಎಂದಳು. ಈ ನಡುವೆ ಅವಳ ಕೈಯಿಂದಲೇ ನಾಲವಾರಕ್ಕೆ ನಿನ್ನ ಅಪ್ಪ ಲಾಲಪ್ಪನವರಿಗೆ ಫೋನ್ ಮಾಡಿಸಿದೆ. “ಖಾರ ಕುಟ್ಟೂ ಮುಂದ ಆಕಿ ನನ್ನ ಮನ್ಯಾಗ ಇಟ್ಟುಕೊಳ್ತಿದ್ದಿಲ್ಲ ತಾಯಿ. ಸೀನಿ ಸೀನಿ ಸಾಯ್ತಿ, ಹೊರಗ ನಡಿ ಅಂತಿದ್ಲು. ನಾ ಕಟ್ಟಿ ಮ್ಯಾಲ ಕುಂದ್ರತಿದ್ದೆ. ನನಗೇನು ಗೊತ್ತು? ಕಡೀ ವರ್ಷ ಮಾಡ್ಲೂ ಇಲ್ಲ ಆಕಿ. ಕೇಳಿದ್ರ ಕೈ ಸೋತಾವ ಅಂದ್ಲು,” ಎಂದರಂತೆ. ಬದಿಯಲ್ಲಿ ನಾನು ಕೂತಿದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ. ಫಿರ್ದೋಸ್ ಹೇಳಲಿಲ್ಲ, ನಾನೂ ಹೇಳಗೊಡಲಿಲ್ಲ.

ಹೀಗಾಗಿ ನಿನಗೆ ಕಳಿಸುತ್ತಿರುವುದು ಇಷ್ಟೇ. ಹಾಳೆ, ಮತ್ತು ಹದಿನೈದು ಸಾಮಾನಿನ ಖಾರ ಒಂದು ಡಬ್ಬಿ. ಇದು ನಿನ್ನ ಅವ್ವನ ಖಾರ ಎಂದುಕೊಂಡು ಬಾಯಿಗೆ ಇಡಬೇಡ, ಬೇಸರವಾಗುತ್ತದೆ. ನೀನೇ ಮಾಡುವಾಗ ಯಾವುದಾದರೂ ದಿನ ಕೈಗೆ ಅದು ಸಿಕ್ಕೀತು ಎಂದು ಬರೆಯುವ ಆಸೆ ಇದೆ. ಆದರೆ ಸಿಗುತ್ತದೆ ಎಂದು ನನಗೆ ಅನಿಸುವುದಿಲ್ಲ.

ಕೌಸ್ತುಭ ಆಫೀಸಿಗೆ ಹೋಗುತ್ತಾನೆ, ಬರುತ್ತಾನೆ, ಬಡಿಸಿದ್ದು ಉಣ್ಣುತ್ತಾನೆ. ಈ ಪತ್ರದ ವಿಷಯ ಅವನಿಗೆ ಗೊತ್ತಿಲ್ಲ. ಅವನಿಗಾಗಿ ನಾನು ಏನೂ ಕೇಳುತ್ತಿಲ್ಲ. ಕ್ಷಮೆಯನ್ನೂ ಕೇಳುತ್ತಿಲ್ಲ. ಅದನ್ನು ಕೊಡಬೇಕಾದವರು ಇಲ್ಲ. ನೀನು ಆರೋಗ್ಯವಾಗಿರು. ಬಿಸಿಲಿನಲ್ಲಿ ಶಾಲೆಗೆ ನಡೆದು ಹೋಗಬೇಡ. ನಿನ್ನ ಶಾಲೆಯ ಮಕ್ಕಳ ಪರೀಕ್ಷೆಗಳು ಚೆನ್ನಾಗಿ ಆಗಲಿ. ನಿನ್ನ ಕೈಯಡಿಗೆ ಉಣ್ಣುವವರು ನಿನ್ನನ್ನು ಗೌರವದಿಂದ ನೋಡುವವರಾಗಲಿ.

ಇಂತಿ,
ಪದ್ಮಾಬಾಯಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದೆ. ಬರೆಯುತ್ತೇನೆ ಎಂದವಳು ಬರೆಯದೆ ಮುಗಿಸಿದ್ದೆ.

ಹದಿನೈದನೆಯದು ಬರೆದ ಮೇಲೆ ನಿನ್ನ ಅವ್ವ ಇನ್ನೂ ಹತ್ತಿರ ಸರಿದು ಕೂತರು. “ಇನ್ನೊಂದು ಅದ ಬೀಗ್ತ್ಯಾರ, ಅದೇ ಖರೇ ಮಾತು. ಕೋಳಿ ತೊಳದು, ನೀರು ಬಸಿದು, ಖಾರ ತಿಕ್ಕೂಕಿಂತ ಮೊದಲ...” ಎಂದರು. ಅಷ್ಟರಲ್ಲಿ ನಾನು ಎದ್ದು ನಿಂತೆ. “ಸಾಕು, ಬಾಯಿ ಮುಚ್ಚರಿ” ಎಂದೆ. ನನ್ನ ವಯಸ್ಸಿನವರಿಗೆ, ನನ್ನ ಬೀಗಿತ್ತಿಗೆ ಹಾಗೆಂದೆ. ಅವರಿಗೆ ಮೊದಲು ತಿಳಿಯಲಿಲ್ಲ, ನಗುತ್ತಲೇ ಇದ್ದರು. ನಮ್ಮ ದೇವರಿಗೆ ಏನು ಉಣಿಸಿದಿರಿ ಎಂದು ಕೇಳಿದೆ. ಅವರು ಹೊಸದಾಗಿ ತಂದಿದ್ದ ಖಾರವನ್ನು ಅವರ ಎದುರಿಗೇ ಗಟಾರಕ್ಕೆ ಸುರಿದೆ. ಸಂಜೆ ನೀನು ಬಂದು “ಅವ್ವ ಖಾರ ತರಲಿಲ್ಲೇನು” ಎಂದು ಕೇಳಿದಾಗ ಮರೆತು ಬಂದರಂತೆ ಎಂದದ್ದು ನಾನೇ. ಆಮೇಲೆ ಬಕೆಟ್ಟು ತಂದೆ, ಅವರು ಕೂತಿದ್ದ ಕಲ್ಲು ತೊಳೆಯಲು. ಅವರಿನ್ನೂ ಚಪ್ಪಲಿ ಮೆಟ್ಟಿರಲಿಲ್ಲ. ನನ್ನ ಕೈಯಿಂದ ಬಕೆಟ್ಟು ತೆಗೆದುಕೊಂಡರು. “ಕೊಡ್ರಿ, ನಿಮ್ಮ ಸ್ವಾಂಟ ನೋಯ್ತದ,” ಎಂದು ತಾವು ಕೂತ ಜಾಗವನ್ನು ತಾವೇ ತೊಳೆದು, ಸೆರಗಿನಿಂದ ಒರೆಸಿದರು. ನಾನು ನಿಂತು ನೋಡಿದೆ. ಹೋಗುವಾಗ, “ಪೋರಿಗಿ ಹೇಳಬ್ಯಾಡ್ರಿ, ಆಕಿ ಇಲ್ಲಿ ಬಾಳ್ವಿ ಮಾಡಬೇಕು,” ಎಂದರು. ಅದಕ್ಕೇ ನೀನು ಎಷ್ಟು ಕೇಳಿದರೂ ಅವರು ನಿನಗೆ ಹೇಳಿರಲಿಕ್ಕಿಲ್ಲ.

ಕೌಸ್ತುಭನಿಗೆ ಹೇಳುವ ಧೈರ್ಯ ನನಗಿಲ್ಲ. ಬೇಕಾದರೆ ಈ ಪತ್ರ ಅವನಿಗೆ ತೋರಿಸು.

ಹದಿನಾರನೆಯದು ಏನೆಂದು ನನ್ನನ್ನು ಕೇಳಬೇಡ ಮಗಳೆ. ಅವರು ಹೇಳಲಿಕ್ಕೆಂದೇ ಕೂತಿದ್ದರು. ನಾನು ಕೇಳಲಿಲ್ಲ.