ಕರಡಿಗೆ ಒತ್ತಿದ ಗಂಟು

ಹರದನಹಳ್ಳಿ
೧೭ ಆಗಸ್ಟ್ ೨೦೨೫

ಪ್ರೀತಿಯ ಗೆಳತಿ ಕುಮಾರಿಗೆ,

ನೀನೂ ಶಿವಸ್ವಾಮಿಯವರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಫೋನುಗಳಿಗೆಲ್ಲ ಹೂಂ, ಉಹೂಂ ಎಂದಷ್ಟೇ ಉತ್ತರಿಸಿದ್ದಕ್ಕೆ ಬೇಜಾರಾಗಬೇಡ. ಮಗಳ ಆರೈಕೆಗೆಂದು ಬೀಗರ ಮನೆಯಲ್ಲಿದ್ದೇನೆ. ಇಲ್ಲಿ ನನ್ನ ಫೋನು ರಿಂಗಾದರೆ ಮನೆಯ ಕಿವಿಗಳೆಲ್ಲ ಪಡಸಾಲೆಗೆ ಬಂದು ಕೂರುತ್ತವೆ. ಅದಕ್ಕೇ ಈ ಕಾಗದ. ತಡವಾಯಿತು, ಕ್ಷಮಿಸು.

ನಯನಾಳ ವಿಷಯ ನಿನಗೆ ಅರ್ಧ ಗೊತ್ತು, ಪೂರ್ತಿ ಕೇಳು. ಹೋದ ವರ್ಷ ಶಿವರಾತ್ರಿ ಆಸುಪಾಸಿನಲ್ಲಿ ಸ್ನಾನ ಮಾಡುವಾಗ ಅವಳ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ಅತ್ತೆಗೆ ಹೇಳಿದಳು. ನನ್ನ ಬೀಗಿತ್ತಿ ದೊಡ್ಡಮಲ್ಲಮ್ಮ ಸೆರಗಿನ ಮೇಲಿಂದಲೇ ಮುಟ್ಟಿ ನೋಡಿ ತೀರ್ಪು ಕೊಟ್ಟರು: “ಲಿಂಗದ್ ಕರಡಿಗೆ ಒತ್ತೊತ್ತಿ ಗಂಟಾಗದೆ ಕಣಮ್ಮಿ. ಬೆಳ್ಳಿದು ಭಾರ. ಬಟ್ಟೇಲಿ ಸುತ್ಕಂಡು ಕಟ್ಕ, ಕರಗೋಯ್ತದೆ.”

ಲಿಂಗವಿಟ್ಟು ಕೊರಳಿಗೆ ಹಾಕಿಕೊಳ್ಳುತ್ತಿದ್ದ ಬೆಳ್ಳಿ ಕರಡಿಗೆ ಬೀರು ಸೇರಿತು. ಲಿಂಗ ಬಿಳಿ ಬಟ್ಟೆಯಲ್ಲಿ ಎದೆಯ ಮೇಲೆ ಕೂತಿತು. ಗಂಟು ತನ್ನ ಪಾಡಿಗೆ ಬೆಳೆಯಿತು. ಮನೆಯವರಿಗೆಲ್ಲ ಎಂಥ ನೆಮ್ಮದಿ ಗೊತ್ತೇನು? ಎದೆ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡಬೇಕಾಗಿರಲಿಲ್ಲ. ಕರಡಿಗೆ ಎಂದರೆ ಸಾಕಾಗಿತ್ತು.

ಗೌರಿ ಹಬ್ಬಕ್ಕೆ ತವರಿಗೆ ಬಂದಾಗ ನನಗೆ ತೋರಿಸಿದಳು. ಮರುದಿನವೇ ಚಾಮರಾಜನಗರಕ್ಕೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಎದೆಯ ಫೋಟೋ ತೆಗೆಯಬೇಕು, ಲಿಂಗ ತೆಗೆದಿಟ್ಟು ಬನ್ನಿ ಎಂದರು. ನಯನಾ ಗಂಡನಿಗೆ ಫೋನು ಮಾಡಿದಳು. ನನ್ನ ಅಳಿಯ ಸೋಮಶೇಖರ್ “ಅಪ್ಪಾಜಿನ ಒಂದ್ಮಾತು ಕೇಳ್ಬೇಕು” ಎಂದ. ತೋಟದ ಬಾಳೆ ಎಲೆಯಲ್ಲಿ ಒಂದು ಚುಕ್ಕೆ ಕಂಡರೆ ಅವತ್ತೇ ಫೋಟೋ ತೆಗೆದು ತಿಳಿದವರಿಗೆಲ್ಲ ಕಳಿಸುವ ಗಂಡಸು ಇವನು. ಅದಕ್ಕೆ ಅಪ್ಪಾಜಿಯ ಅಪ್ಪಣೆ ಬೇಕಿಲ್ಲ.

ಫೋಟೋ ಅಲ್ಲಿಗೇ ಬಿಟ್ಟು ಇಬ್ಬರೂ ಇಲ್ಲಿಗೆ ಬಂದೆವು. ಅಪ್ಪಾಜಿ, ಅಂದರೆ ನನ್ನ ಬೀಗ ಚಿಕ್ಕಮಲ್ಲಪ್ಪನವರು ಜಗುಲಿಯ ಮೇಲೆ ದಾಯಾದಿಗಳನ್ನು ಕೂರಿಸಿಕೊಂಡು ಕಾಫಿ ಕುಡಿಯುತ್ತ ನ್ಯಾಯ ಹೇಳಿದರು: “ನಮ್ಮನೆ ಹೆಂಗಸ್ರು ಹೆರಿಗೇಗೂ ಲಿಂಗ ತೆಗುದವ್ರಲ್ಲ. ಅಯ್ನೋರು ಶ್ರೀಶೈಲಕ್ಕೆ ಹೋಗವ್ರೆ. ಬರ್ಲಿ, ಕೇಳ್ಕಂಡು ಹೋಗನ.” ಇವರ ಮನೆ ಗುರುಗಳಾದ ಅಯ್ಯನವರ ಹತ್ತಿರ ಫೋನಿದೆಯಲ್ಲ ಎಂದೆ. “ಇಂಥಾ ಇಚಾರ ಫೋನಲ್ಲಿ ಕೇಳದಾ?” ಎಂದು ಮುಖ ತಿರುಗಿಸಿದರು. ನಾನು ಕೂಗಾಡಿದೆ. “ನಿಮ್ಮ ಮಗ್ಳೇ ಇರ್ಬೋದು, ಈಗ ನಮ್ಮನೆ ಸೊಸೆ ಕಣಮ್ಮ” ಎಂದರು.

ಅಯ್ಯನವರು ಶ್ರೀಶೈಲದಿಂದ ಅಲ್ಲಿಗೆ ಇಲ್ಲಿಗೆ ಹೋಗಿ ಬರುವಷ್ಟರಲ್ಲಿ ಕಾರ್ತಿಕ ಮುಗಿದಿತ್ತು. ವಿಷಯ ಕೇಳಿ ಅವರೇ ಬೆಚ್ಚಿಬಿದ್ದರು. “ಯಾಕ್ರಪ್ಪಾ, ಲಿಂಗಾನ ತೋಳಿಗೆ ಕಟ್ಟಿ ಕಳಿಸೋದಕ್ಕೂ ನಾನು ಬರಬೇಕಾಗಿತ್ತಾ?” ಎಂದರು. ಗಂಡಸರೆಲ್ಲ ಅಡ್ಡಬಿದ್ದು ಎದ್ದರು. ಧರ್ಮ ಉಳಿಯಿತು. ಗಂಟು ಆಗಲೇ ಕಂಕುಳು ದಾಟಿ ಮೂಳೆ ಹಿಡಿದಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಏನೇನೋ ಮಾಡಿದರು. ಈಗ ನೋವಿಗೆ ಮಾತ್ರೆ ಬಿಟ್ಟರೆ ಬೇರೇನೂ ಇಲ್ಲ ಎಂದು ಮನೆಗೆ ಕಳಿಸಿದ್ದಾರೆ. ಮೂವತ್ತೊಂದು ವರ್ಷ ಕುಮಾರಿ, ನನ್ನ ಮಗಳಿಗೆ.

ನಿನಗೂ ಅದೇ ಬೇಸಿಗೆಯಲ್ಲಿ ಗಂಟು ಬಂತು. ಬದನಗುಪ್ಪೆ ಫ್ಯಾಕ್ಟರಿಯಿಂದ ಬಂದು ಸಂಜೆ ಶಿವಸ್ವಾಮಿಯವರಿಗೆ ಹೇಳಿದೆ. “ನಾಳೆ ರಜಾ ಹಾಕಮ್ಮಿ” ಎಂದು ಬೈಕಿನ ಹಿಂದೆ ಕೂರಿಸಿಕೊಂಡು, ಇಎಸ್‌ಐ ಕಾರ್ಡು ಜೇಬಿಗಿಟ್ಟುಕೊಂಡು ಮೈಸೂರಿಗೆ ಹೊರಟರು. ಜಗುಲಿ ಸೇರಲಿಲ್ಲ, ಕಾಫಿ ಸಮಾರಾಧನೆ ಆಗಲಿಲ್ಲ. ನೀನು ಹುಷಾರಾದೆ ಎಂದು ಹೇಳಿದರೆ ನನ್ನ ಬೀಗಿತ್ತಿ ಏನೆಂದರು ಗೊತ್ತೇ? “ಕೂಲಿನಾಲಿ ಮಾಡೋರ್ಗೆ ನಾಚ್ಕೆ ಏನು ಬುಡಿ.” ನಿನ್ನ ಹತ್ತಿರ ಮುಚ್ಚಿಡುವುದೇನು. ಮೂವತ್ತು ಎಕರೆಯ ಜೊತೆಗೆ ಆ ನಾಚಿಕೆಯನ್ನೂ ಕಾಪಾಡಿಕೊಂಡು ಇವರು ಸುಖವಾಗಿರಲಿ.

ನೋಡಲು ಬಂದವರಿಗೆಲ್ಲ ಬೀಗರು “ಯಾವುದ್ಕೂ ಕಮ್ಮಿ ಮಾಡ್ನಿಲ್ಲ, ಹಣೆಬರ” ಎನ್ನುತ್ತಾರೆ. ಬಂದವರು ತಲೆಯಾಡಿಸಿ ಕಾಫಿ ಕುಡಿಯುತ್ತಾರೆ. ನಾನು ಒಳಗೆ ಲೋಟ ತೊಳೆಯುತ್ತೇನೆ. ತೊಳೆಯುತ್ತ ಒಬ್ಬೊಬ್ಬರ ಮುಖಕ್ಕೂ ಉಗಿಯುತ್ತೇನೆ, ಮನಸ್ಸಿನಲ್ಲೇ.

ನೀನು ತಪಾಸಣೆಗೆ ಹೋಗುವುದನ್ನು ತಪ್ಪಿಸಬೇಡ. ನೂರು ಕಾಲ ಬಾಳು. ನಿನ್ನ ಗಂಡನನ್ನು ಶಿವ ತಣ್ಣಗಿಟ್ಟಿರಲಿ.

ಇಂತಿ ನಿನ್ನ,
ಸುಧಾಮಣಿ

ಮರೆತಿದ್ದೆ: ನೀನು ನೋಡಲು ಬರುತ್ತೇನೆ ಎಂದಾಗ, ನಯನಾಗೆ ಸುಸ್ತು, ಬೇಡ ಎಂದೆನಲ್ಲ, ಅದು ಸುಳ್ಳು. ಅವಳು ದಿನಾ “ಕುಮಾರತ್ತೆ ಯಾವಾಗವ್ವ ಬತ್ತರೆ?” ಎಂದು ಕೇಳುತ್ತಾಳೆ. ಬೇಡವಾಗಿದ್ದದ್ದು ನನಗೆ. ಔಷಧಿಗೆ ಉದುರಿದ ಕೂದಲು ಹೊಸದಾಗಿ ಬಂದ ನೀನು ಅವಳ ಮಂಚದ ಪಕ್ಕ ಕೂತರೆ, ಇವಳ ಬದಲು ನನ್ನ ಮಗಳು ಯಾಕೆ ಉಳಿಯಬಾರದು ಎಂದು ನನ್ನ ಮನಸ್ಸು ಕೇಳುತ್ತದೆ. ಈಗಾಗಲೇ ಕೇಳಿದೆ. ಕೂಲಿಯವಳು ಎಂಬ ಮಾತನ್ನೂ ಸೇರಿಸಿಯೇ ಕೇಳಿದೆ. ಆದರೂ ಬಾ ಕುಮಾರಿ, ಅವಳಿಗಾಗಿ ಬಾ. ನಾನು ನಿನ್ನ ಮುಖ ನೋಡದಿದ್ದರೆ, ಯಾಕೆಂದು ಅವಳ ಮುಂದೆ ಕೇಳಬೇಡ.