ಅರ್ಥವಾಯಿತೆಂದು ತಲೆಯಾಡಿಸಿದರು

ಮಾರ್ಚ್ 3
ಒಂಬತ್ತಕ್ಕೇ ಕೌಂಟರ್ ತೆರೆದೆ. ಬೆಟ್ಟದ ರೋಪ್‌ವೇಗೆ ಆಗಲೇ ಉದ್ದ ಸಾಲು. ಮುಖ ನೋಡಿ ಭಾಷೆ ಹೇಳುವ ಆಟದಲ್ಲಿ ಪಕ್ಕದ ಕೌಂಟರಿನ ಅಕ್ಕ ಇವತ್ತೂ ಸೋತಳು. ನನ್ನದು ಹನ್ನೊಂದಕ್ಕೆ ಹನ್ನೊಂದೂ ಸರಿ. "ನೀನು ಪೊಲೀಸಲ್ಲಿರಬೇಕಿತ್ತು ಕಣೇ" ಎಂದಳು. ನಾಲ್ಕು ಭಾಷೆ ಬರುತ್ತದೆಂಬ ಜಂಬ ನನಗೆ. ಇರಲಿ.

ಮಾರ್ಚ್ 9, ಮಧ್ಯಾಹ್ನ
ಗಾಳಿ ಜೋರು. ಕೊನೆಯ ಟ್ರಿಪ್ ಆರರ ಬದಲು ನಾಲ್ಕಕ್ಕೆ. ಎಲ್ಲರಿಗೂ ಬಾಯಲ್ಲೇ ಹೇಳಬೇಕಂತೆ, ಮ್ಯಾನೇಜರ್ ಅಪ್ಪಣೆ. ಗಂಟಲು ಕಟ್ಟಿದೆ. ಒಂದು ವಯಸ್ಸಾದ ಜೋಡಿ ಬಂದಿತ್ತು. ಆಕೆಗೆ ಅಗಲ ಹ್ಯಾಟು, ಕಪ್ಪು ಕನ್ನಡಕ, ಪ್ಯಾಂಟು. ಹೊರದೇಶದವರೇ ಸರಿ. ಇಂಗ್ಲಿಷಿನಲ್ಲಿ ಹೇಳಿದೆ. ಇಬ್ಬರೂ ನಕ್ಕು ತಲೆಯಾಡಿಸಿದರು.

ಮಾರ್ಚ್ 10
ನಿನ್ನೆ ಬಂದಿದ್ದ ಆ ಜೋಡಿಯ ಯಜಮಾನರು ತೀರಿಕೊಂಡರು.
ಐದೂವರೆಗೆ ಮೇಲಿನ ಸ್ಟೇಷನ್ನಿಗೆ ಬಂದರೆ ಬೀಗ. ಸಿಬ್ಬಂದಿಯೂ ಇಳಿದಾಗಿತ್ತು. ನಡೆದೇ ಹೊರಟರಂತೆ. ಒಂಬೈನೂರು ಮೆಟ್ಟಿಲು... ಅರ್ಧದಲ್ಲಿ ಎದೆ ಹಿಡಿದು ಕುಳಿತವರು ಏಳಲಿಲ್ಲ.
ಆಸ್ಪತ್ರೆಗೆ ಹೋದೆ. ಆಕೆ ಬೆಂಚಿನ ಮೇಲೆ, ಹ್ಯಾಟು ಮಡಿಲಲ್ಲಿ. ಇಂಗ್ಲಿಷಿನಲ್ಲಿ ಏನೇನೋ ಸಮಾಧಾನ ಹೇಳಿದೆ. ತಲೆಯಾಡಿಸಿದರು. ಆಮೇಲೆ ನರ್ಸ್ ಕಡೆ ತಿರುಗಿ, ನಮ್ಮದೇ ಭಾಷೆಯಲ್ಲಿ, "ಈ ಹುಡುಗಿ ಏನಂತಿದಾಳೆ ಸಿಸ್ಟರ್?"
ನಾನೂ ಅದೇ ಭಾಷೆಯಲ್ಲಿ ಕೇಳಿದೆ:
"ಅರ್ಥ ಆಗ್ಲಿಲ್ಲ ಅಂತ ನಿನ್ನೇನೇ ಯಾಕಮ್ಮ ಹೇಳ್ಲಿಲ್ಲ?"
"ನೀನು ಪಟಪಟ ಅಂತ ಮಾತಾಡ್ತಿದ್ದೆ. ಹಿಂದೆ ಅಷ್ಟು ಜನ. ನಮ್ಮಿಬ್ಬರಿಗೂ ಇಂಗ್ಲಿಷ್ ಬರಲ್ಲ ಅನ್ನೋಕೆ ನಾಚಿಕೆ ಆಯ್ತು. ಈ ಬಟ್ಟೆ ಮಗಳು ಕೊಡಿಸಿದ್ದು. ಒಂದಿನ ಹಾಕ್ಕೊಳ್ಳೇ, ಚೆನ್ನಾಗಿ ಕಾಣ್ತೀಯ ಅಂತ ಇವರೇ..."

ಮಾರ್ಚ್ 21
ವಿಚಾರಣೆ ಮುಗಿಯಿತು. ಮಾಹಿತಿ ನೀಡಲಾಗಿತ್ತು ಎಂದು ಬರೆದುಕೊಂಡರು. ನನ್ನ ತಪ್ಪಿಲ್ಲವಂತೆ.
"ಅವರಿಗೆ ಅರ್ಥ ಆಗಿರ್ಲಿಲ್ಲ ಸರ್."
"ನೀವು ಹೇಳಿದ್ರಲ್ಲ, ಅಷ್ಟು ಸಾಕು" ಎಂದರು ಮ್ಯಾನೇಜರ್.
ಹತ್ತು ದಿನದಿಂದ ಊಟ ಸೇರುತ್ತಿಲ್ಲ. ಅಮ್ಮ ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತೇನೆ.

ಏಪ್ರಿಲ್ 2, ಸಂಜೆ
ವಿಳಾಸ ಹುಡುಕಿಕೊಂಡು ಅವರ ಮನೆಗೆ ಹೋದೆ. ಬಾಗಿಲು ತೆರೆದದ್ದು ಮಗಳು. ರೋಪ್‌ವೇ ಕೌಂಟರಿನವಳು ಎಂದೆ. ಅವಳ ಮುಖ ಬಿಗಿಯಾಯಿತು.
"ನಾಲ್ಕಕ್ಕೇ ನಿಲ್ಲುತ್ತೆ ಅಂತ ನೀವು ಅಪ್ಪ ಅಮ್ಮಂಗೆ ಹೇಳಿದ್ರಾ, ಇಲ್ವಾ?"
ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಆಕೆಯ ದನಿ: "ಹೇಳಿದ್ಲು ಕಣೇ. ನಾನೇ ಮರೆತುಬಿಟ್ಟೆ."
ಮಗಳು ತಾಯಿಯತ್ತ ನೋಡಿದಳು. ಆ ನೋಟ... ಅಪ್ಪ ಹೋಗಿದ್ದು ನಿನ್ನಿಂದಲೇ ಎಂಬಂತೆ. ಆಮೇಲೆ ಟೀ ತಂದಿಟ್ಟಳು. ಕುಡಿದೆ. ಕುಡಿದು ಎದ್ದು ಬಂದೆ.
ನಾಳೆ ಮತ್ತೆ ಹೋಗಬೇಕು. ಮಗಳ ಮುಂದೆಯೇ ಹೇಳಬೇಕು. ನಿಮ್ಮಮ್ಮ ಏನೂ ಮರೆತಿರಲಿಲ್ಲ, ಹ್ಯಾಟು ನೋಡಿ ನಾನೇ ಇಂಗ್ಲಿಷಿನಲ್ಲಿ—