ಹದ್ದಿಗಿಂತ ಮರದ ಬಂಡಿಯೇ ಮೇಲು

ರಾಂಡರ್ಸ್
ಜುಲೈ ೨೪, ಬುಧವಾರ ಬೆಳಿಗ್ಗೆ

ಪ್ರೀತಿಯ ಟ್ರೋಲ್ಸ್,

ಹಲ್ಲುನೋವು ಹೇಗಿದೆ? ಲವಂಗ ಕಚ್ಚಿಕೊಂಡೇ ಕಂಬ ಹತ್ತಿ ತಂತಿ ಎಳೆಯುತ್ತಿದ್ದೇನೆ ಎಂದು ಹೋದ ಕಾಗದದಲ್ಲಿ ನೀನು ಬರೆದಿದ್ದೆ. ಗ್ರೀನ್‌ಲ್ಯಾಂಡಿನಲ್ಲಿ ನೀನು ದುಡಿಯುವ ಆ ಠಾಣೆಗೆ ಯಾವಾಗಲಾದರೂ ಒಬ್ಬ ಡಾಕ್ಟರು ವಿಮಾನದಿಂದ ಇಳಿದರೆ, ನೋವೇ ಇಲ್ಲ ಎಂದು ಬಿಗುಮಾನ ತೋರಿಸದೆ ಬಾಯಿ ತೆರೆದು ತೋರಿಸು. ಉಣ್ಣೆ ಕಾಲುಚೀಲ ತಲುಪಿದವೆ? ನಾನು ಚೆನ್ನಾಗಿದ್ದೇನೆ. ಸೊಂಟ ಸ್ವಲ್ಪ ಹಿಡಿದಿದೆ, ಕೂಗಿ ಕೂಗಿ ಗಂಟಲು ಕಟ್ಟಿದೆ. ಯಾಕೆಂದು ಹೇಳುತ್ತೇನೆ. ಚಹಾ ಮಾಡಿಕೊಂಡು ಕೂತು ಓದು, ಇದು ಒಂದೇ ಉಸಿರಿಗೆ ಮುಗಿಯುವ ಸುದ್ದಿಯಲ್ಲ.

ನಿನ್ನಮ್ಮನಿಗೆ ಆಗಸ್ಟಿನಲ್ಲಿ ಎಂಬತ್ತು ತುಂಬುತ್ತದಲ್ಲ, ಅದಕ್ಕೆ ನಿನ್ನಕ್ಕ ಮೆಟ್ಟೆ ನಮ್ಮ ಚರ್ಚಿನ ಪಕ್ಕದ ಸಭಾಂಗಣವನ್ನು ಗೊತ್ತು ಮಾಡಿ, ಮೇಜಿನ ಮೇಲಿಡಲು ಪುಟ್ಟ ಬಾವುಟಗಳನ್ನು ತಂದಿಟ್ಟು, ಹುಟ್ಟುಹಬ್ಬದ ಹಾಡನ್ನೂ ಬರೆದು ಪ್ರಾಸ ಕೂಡಿಸುತ್ತಿದ್ದಳು. ಎರಡು ವಾರದ ಹಿಂದೆ ಅತ್ತೆಯ ಮನೆಯಲ್ಲಿ ನಾವು ಮೂವರೂ ಕಾಫಿ ಕುಡಿಯುತ್ತಿದ್ದಾಗ ಅತ್ತೆ ಕಪ್ಪು ಕೆಳಗಿಟ್ಟು, "ನನಗೆ ಹಾಡು ಬೇಡ ಕಣ್ರೇ. ನನಗೆ ಎತ್ತರದಿಂದ ಬೀಳ್ಬೇಕು," ಎಂದರು. ಮೆಟ್ಟೆಯ ಮುಖ ನೋಡಬೇಕಿತ್ತು. ಆಮೇಲೆ ಬಿಡಿಸಿ ಹೇಳಿದರು: ಮದುವೆಗೆ ಮುಂಚೆ ನಿಮ್ಮಪ್ಪನ ಜೊತೆ ಒಮ್ಮೆ ರೋಲರ್ ಕೋಸ್ಟರಿನಲ್ಲಿ ಕೂತಿದ್ದರಂತೆ, ಅಂಥ ಖುಷಿ ಮತ್ತೆ ಸಿಕ್ಕಿಲ್ಲವಂತೆ. ನಿಮ್ಮಪ್ಪನಿಗೆ ಕೆಳಗಿಳಿದ ಮೇಲೆ ವಾಂತಿಯಾಗಿ, ಮುಂದೆ ಯಾವತ್ತೂ ಆ ಕಡೆ ತಲೆ ಹಾಕಲಿಲ್ಲವಂತೆ. ನಿನಗೆ ಈ ಕಥೆ ಗೊತ್ತಿತ್ತೆ? ಮೆಟ್ಟೆ ನನ್ನನ್ನು ಅಡುಗೆಮನೆಗೆ ಎಳೆದು, "ಹಿರಿಯರ ಮನೇಲಿ ಕೋಣೆ ಸಿಕ್ಕಿದ್ದು ಒಳ್ಳೇದೇ ಆಯ್ತು ನೋಡು, ತಲೇನೂ ಕೆಡೋಕೆ ಶುರುವಾಯ್ತು," ಎಂದು ಪಿಸುಗುಟ್ಟಿದಳು. ಏಪ್ರಿಲಿನಲ್ಲಿ ಅತ್ತೆ ಮೂರನೇ ಮಹಡಿಯ ಮೆಟ್ಟಿಲಲ್ಲಿ ಜಾರಿದ ದಿನದಿಂದ ನೀವಿಬ್ಬರೂ ಮುನಿಸಿಪಾಲಿಟಿಗೆ ಓಡಾಡಿ ವೃದ್ಧಾಶ್ರಮದ ಆ ಕೋಣೆ ಹಿಡಿದದ್ದು ನಿಜ, ತಪ್ಪು ಎನ್ನುವುದಿಲ್ಲ. ಆದರೆ ಬೀಳಬೇಕು ಎಂದವರ ಕಣ್ಣಿನಲ್ಲಿ ನನಗೆ ಮರೆವು ಕಾಣಲಿಲ್ಲ, ಮಿಂಚು ಕಂಡಿತು. ಹೊರಗೆ ಬಂದು, ನಮ್ಮ ಸುತ್ತ ಅಂಥ ಆಟದ ಪಾರ್ಕು ಎರಡಿವೆ, ಯಾವುದು ವಾಸಿ ಎಂದು ನಾನೇ ಹೋಗಿ ನೋಡಿಕೊಂಡು ಬರುತ್ತೇನೆ ಎಂದುಬಿಟ್ಟೆ. ಅತ್ತೆ ತಲೆಯಾಡಿಸಿ, "ನೋಡಿದ್ರೆ ಏನು ಗೊತ್ತಾಗತ್ತೆ? ಕೂತ್ಕೋಬೇಕು. ನಾನೂ ಬರ್ತೀನಿ," ಎಂದರು.

ಡಾಕ್ಟರನ್ನು ಕೇಳದೆ ಹೊರಡಲಿಲ್ಲ, ಬೈಯಬೇಡ. ಎದೆಗೆ ಯಂತ್ರ ಹಚ್ಚಿ ನೋಡಿ, ಕುದುರೆಯಂಥ ಗುಂಡಿಗೆ ಎಂದರು. ಇಡೀ ಊರಿಗೇ ಈಜು ಕಲಿಸಿದವರಲ್ಲವೆ.

ಮೊದಲು ಹೋದದ್ದು ಕಡಲ ಕಡೆಯ ಸ್ಟ್ರಾಂಡ್‌ಲ್ಯಾಂಡಿಗೆ. ಹೋದ ಶನಿವಾರ, ಅದೂ ಇಡೀ ದೇಶವೇ ರಜೆ ಹಾಕಿ ಬೀದಿಗೆ ಬಿದ್ದಿರುವ ಜುಲೈಯಲ್ಲಿ. ಬುದ್ಧಿ ಇದ್ದವರು ಹೋಗುತ್ತಾರೆಯೆ? ತಲೆಗೆ ಮುನ್ನೂರ ಅರವತ್ತು ಕ್ರೋನರ್, ಕಾರು ನಿಲ್ಲಿಸಲು ಬೇರೆ. ಇಳಿವಯಸ್ಸಿನವರಿಗೆ ಕಡಿಮೆಯಿಲ್ಲವೇ ಎಂದು ನಾನು ಕೇಳುತ್ತಿದ್ದರೆ ಅತ್ತೆ ಹಿಂದಿನಿಂದ ನನ್ನ ಜಾಕೆಟ್ಟು ಎಳೆದು, ಪೂರ್ತಿ ದುಡ್ಡು ಕೊಟ್ಟರೆ ಪೂರ್ತಿ ಎತ್ತರಕ್ಕೆ ಒಯ್ಯುತ್ತಾರೆ, ಸುಮ್ಮನಿರು ಎಂದರು. ಒಳಗೆ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಅಲ್ಲಿ ಹೆಸರಾದದ್ದು ಹದ್ದು ಎನ್ನುವ ಉಕ್ಕಿನ ರೋಲರ್ ಕೋಸ್ಟರ್, ನಮ್ಮ ಚರ್ಚಿನ ಗೋಪುರದ ಎರಡರಷ್ಟು ಎತ್ತರ. ಅದರ ಕ್ಯೂ ಗಂಟೆಯ ಮೇಲಿತ್ತು. ಮೊದಲು ಸಿಟ್ಟು ಬಂತು, ಆಮೇಲೆ ಅದೇ ಒಳ್ಳೆಯದಾಯಿತು. ನಿನ್ನಮ್ಮನ ಜೊತೆ ಅಷ್ಟು ಹೊತ್ತು, ಪಾತ್ರೆ ತೊಳೆಯುವುದು ಬಡಿಸುವುದು ಏನೂ ಇಲ್ಲದೆ, ಸುಮ್ಮನೆ ಪಕ್ಕದಲ್ಲಿ ನಿಂತದ್ದು ಮದುವೆಯಾದ ಮೇಲೆ ಅದೇ ಮೊದಲು. ನಾನು ಆಲೂಗಡ್ಡೆ ಬೇಯಿಸುವ ರೀತಿ ಸರಿಯಿಲ್ಲ ಎಂಬಲ್ಲಿಂದ ಶುರುವಾಯಿತು, ಅದು ಇದ್ದದ್ದೇ. ಆಮೇಲೆ ಈಜುಕೊಳದ ಕಥೆಗಳು. ನೀರಿಗೆ ಹೆದರುವ ಪೊಲೀಸಿನವನಿಗೆ ಕದ್ದುಮುಚ್ಚಿ ಈಜು ಕಲಿಸಿದ್ದನ್ನು ಹೇಳಿ ಅವರೇ ಬಿದ್ದು ಬಿದ್ದು ನಕ್ಕರು. ಹಿಂದೆ ನಿಂತಿದ್ದ ಆರ್ಹುಸ್ ಊರಿನ ಸಂಸಾರದವರೂ ಕಥೆಗೆ ಕಿವಿಗೊಟ್ಟು, ನಮ್ಮ ಸರದಿ ಬರುವ ಹೊತ್ತಿಗೆ ನಂಟರ ಹಾಗಾಗಿದ್ದರು.

ಸರದಿ ಬಂದಾಗ ಪಟ್ಟಿ ಬಿಗಿಯುವ ಹೆಂಗಸು ಅತ್ತೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ನನ್ನ ಕಡೆ ತಿರುಗಿದಳು. ಒಳ್ಳೆಯವಳೇ ಪಾಪ. ಇವರಿಗೆ ಇದು ಜಾಸ್ತಿಯಾಗಬಹುದು, ಅಲ್ಲಿ ಮಕ್ಕಳು ಕೂತು ತಿರುಗುವ ಚಹಾಕಪ್ಪಿನ ಆಟವಿದೆ, ಇವರನ್ನು ಅದರಲ್ಲಿ ಕೂರಿಸಿ ಎಂದು ನನಗೆ ಹೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: "ನನ್ನ ವಿಷಯ ನನ್ನ ಹತ್ರ ಮಾತಾಡಮ್ಮ. ನನಗೆ ಕಿವಿ ಕೇಳತ್ತೆ." ಈಜುಕೊಳದ ಆ ಕಡೆಯವರೆಗೆ ಮುಟ್ಟುವ ಅದೇ ದನಿ. ಅವಳು ಕೆಂಪಾಗಿ, ಕ್ಷಮಿಸಿ ಎಂದು, ನಿಯಮವನ್ನೆಲ್ಲ ಅತ್ತೆಗೇ ಓದಿ ಹೇಳಿ, ಕೂರಿಸಿ ಪಟ್ಟಿ ಬಿಗಿದಳು. ಸರಿ, ಏರಿದೆವು, ಬಿದ್ದೆವು, ಮುಗಿಯಿತು. ನಾನು ಕಣ್ಣು ಮುಚ್ಚಿದ್ದು ಬಿಟ್ಟು ನನಗೇನೂ ನೆನಪಿಲ್ಲ. ಅತ್ತೆ ಇಳಿದು, ಕೂದಲು ಸರಿಮಾಡಿಕೊಂಡು, "ಇದು ಬೆಣ್ಣೆ ಜಾರಿದ ಹಾಗೆ ಜಾರಿಬಿಡ್ತು. ಹೆದರೋಕೂ ಪುರಸೊತ್ತು ಕೊಡಲಿಲ್ಲ," ಎಂದರು. ಅಂದು ಮತ್ತೆರಡು ಏರುವಷ್ಟರಲ್ಲಿ ಹೊತ್ತು ಇಳಿಯಿತು. ಮಿಕ್ಕದ್ದೆಲ್ಲ ಕ್ಯೂ.

ಎರಡನೆಯದು ನಿನ್ನೆ, ಬಿರ್ಕೆಲುಂಡಿನ ಕಾಡಿನೊಳಗಿನ ಹಳೆಯ ಪಾರ್ಕು. ಒಳಗೆ ಕಾಲಿಡಲು ಕಾಸೂ ಬೇಡ. ಬೇಕಾದ್ದಕ್ಕೆ ಬೇಕಾದಷ್ಟು ಚೀಟಿ ಕೊಂಡರಾಯಿತು, ಇಲ್ಲವೇ ಇನ್ನೂರ ಇಪ್ಪತ್ತಕ್ಕೆ ಕೈಗೊಂದು ಪಟ್ಟಿ ಕಟ್ಟಿಸಿಕೊಂಡು ದಿನವಿಡೀ ಏರಿ ಇಳಿ. ನಾವು ಪಟ್ಟಿ ಕಟ್ಟಿಸಿಕೊಂಡೆವು. ಮಂಗಳವಾರ, ಮೇಲಾಗಿ ತುಂತುರು ಮಳೆ, ಜನವೇ ಇಲ್ಲ. ಅಲ್ಲಿನ ಮರದ ರೋಲರ್ ಕೋಸ್ಟರ್ ನಮ್ಮೆಲ್ಲರಿಗಿಂತ ಹಳೆಯದು. ಏರುವಾಗ ಕಟಕಟ ಎಂದು ಹಲ್ಲು ಕಡಿಯುತ್ತದೆ, ತಿರುವಿನಲ್ಲಿ ಇಡೀ ಕಟ್ಟಡ ನರಳುತ್ತದೆ, ಒಂದೊಂದು ಹಲಗೆಯೂ ನಿನ್ನ ಬೆನ್ನುಮೂಳೆಯನ್ನು ಹೆಸರು ಹಿಡಿದು ಮಾತಾಡಿಸುತ್ತದೆ. ಎತ್ತರ ಹದ್ದಿನ ಅರ್ಧವೂ ಇಲ್ಲ, ಭಯ ಮಾತ್ರ ಎರಡರಷ್ಟು. ಮೊದಲ ಇಳಿಜಾರಿಗೆ ಮುಂಚೆ ನಾನು ಉಸಿರು ಬಿಗಿಹಿಡಿದು ಮುಂದಿನ ಕಂಬಿ ಅವುಚಿಕೊಂಡದ್ದನ್ನು ಕಂಡು ಅತ್ತೆ ಮಣಿಕಟ್ಟು ಹಿಡಿದು, "ಉಸಿರು ಹಿಡೀಬೇಡ ಡಿಟ್ಟೆ, ಬಿಡು. ಬಿಟ್ರೆ ತೇಲ್ತೀಯ," ಎಂದರು. ಬಿಟ್ಟೆ. ಟ್ರೋಲ್ಸ್, ನಿನ್ನಾಣೆ, ಅರಚಿದೆ, ನಕ್ಕೆ, ಇಳಿದವಳೇ ಮತ್ತೆ ಏರೋಣ ಎಂದೆ. ಸಾಲಿನಲ್ಲಿ ಯಾರೂ ಇಲ್ಲದ್ದರಿಂದ ನಡೆಸುವ ಮುದುಕ, ಇಳಿಯುವುದೇ ಬೇಡ, ಕೂತಿರಿ ಎಂದ.

ಊಟಕ್ಕೆ ಒಂದು ದೊಡ್ಡ ಮರದ ಕೆಳಗೆ ಹಂದಿಮಾಂಸದ ಸ್ಯಾಂಡ್‌ವಿಚ್ ಹಿಡಿದು ಕೂತೆವು, ಕೆಂಪು ಎಲೆಕೋಸಿನ ಉಪ್ಪಿನಕಾಯಿ ಜಾಸ್ತಿ ಹಾಕಿಸಿ. ಅಲ್ಲಿ ಅತ್ತೆ, ಬೇರೆ ಯಾರದೋ ಸುದ್ದಿ ಹೇಳುವವರ ಹಾಗೆ ಹೇಳಿದರು: "ಆ ಕೋಣೆ ವಿಷಯ ನೀವೆಲ್ಲ ಮಾತಾಡ್ಕೊಂಡ್ರಿ. ಟ್ರೋಲ್ಸ್ ಮಾತಾಡ್ದ, ಮೆಟ್ಟೆ ಮಾತಾಡಿದ್ಲು, ಮುನಿಸಿಪಾಲಿಟಿಯವಳು ಮಾತಾಡಿದ್ಲು. ನನ್ನನ್ನ ಕೇಳಿದವರು ಯಾರು?" ನಾನು ಬ್ರೆಡ್ಡು ಕೆಳಗಿಟ್ಟು, ನಾನು ಈಗ ಕೇಳುತ್ತೇನೆ ಎಂದೆ. ಅವರು, ಹೋಗಿ ನೋಡಿ ಬಂದಿದ್ದೇನೆ, ಅಲ್ಲಿ ಎಲ್ಲ ಚೊಕ್ಕವಾಗಿದೆ, ಊಟ ಬಿಸಿಯಾಗಿದೆ, ನೋಡಿಕೊಳ್ಳುವವರು ನಗುನಗುತ್ತಾ ಇರುತ್ತಾರೆ, ಆದರೆ ಅಲ್ಲಿ ಯಾರೂ ನನ್ನ ಜೊತೆ ಜಗಳ ಆಡುವುದಿಲ್ಲ ಎಂದರು. ಮಾಂಸದ ಗರಿಗರಿ ಚರ್ಮ ಕಡಿಯುತ್ತಲೇ ಹೇಳಿದರು.

ಮತ್ತೆ ಮರದ ಬಂಡಿ ಏರಿದೆವು. ಮೇಲೆ ತುದಿಗೆ ಬಂದಾಗ ಕಾಡೆಲ್ಲ ತೊಳೆದಿಟ್ಟ ಹಾಗೆ ಕಂಡಿತು. ಬಂಡಿ ಮುಗ್ಗರಿಸಿ ಕೆಳಗೆ ಬೀಳುವಾಗ ನನ್ನ ಬಾಯಿಂದ ಅರಚಾಟದ ಬದಲು ಮಾತು ಬಂತು: "ಅತ್ತೇ, ನಮ್ಮನೆಗೆ ಬಂದುಬಿಡಿ!" ಯೋಚಿಸಿ ಆಡಿದ್ದಲ್ಲ. ಯೋಚಿಸಿದ್ದರೆ ಆಡುತ್ತಿರಲಿಲ್ಲವೇನೋ, ನಿನಗೆ ಗೊತ್ತು, ಅವರು ಒಂದು ವಾರ ಇದ್ದು ಹೋದರೆ ನಾನು ಎರಡು ದಿನ ಮಲಗುವವಳು. ಕೆಳಗೆ ಬಂಡಿ ನಿಂತ ಮೇಲೆ ಅವರು ನನ್ನ ಕಡೆ ನೋಡದೆ, "ಬೀಳ್ತಾ ಏನೋ ಕೂಗಿದೆ. ನೆಲಕ್ಕೆ ಬಂದ ಮೇಲೂ ಅದೇ ಮಾತಾ?" ಎಂದು ಕೇಳಿದರು. ಅದೇ ಮಾತು ಎಂದೆ. ಅವರು ಹ್ಞೂಂ ಎಂದು, ಟೋಪಿಯ ನೀರು ಕೊಡವಿ, ಇನ್ನೊಂದು ಸುತ್ತು ಹೋಗೋಣ, ಕೂತು ಯೋಚನೆ ಮಾಡುತ್ತೇನೆ ಎಂದರು. ಮೂರು ಸುತ್ತು ಯೋಚಿಸಿದರು. ಏನು ತೀರ್ಮಾನಿಸಿದರೋ ದಾರಿಯಲ್ಲಿ ಬಾಯಿ ಬಿಡಲಿಲ್ಲ, ನಾನು ಗೇರು ಬದಲಿಸುವುದನ್ನು ಮಾತ್ರ ಮನೆಯವರೆಗೂ ತಿದ್ದಿದರು.

ಹುಟ್ಟುಹಬ್ಬ ಬಿರ್ಕೆಲುಂಡಿನಲ್ಲೇ, ಇದು ಖಾಯಂ. ದುಡ್ಡೂ ಕಡಿಮೆ, ಜನವೂ ಕಡಿಮೆ, ಭಯ ಧಾರಾಳ. ನಿನ್ನೆ ರಾತ್ರಿ ಫೋನಿನಲ್ಲಿ ಹೇಳಿದಾಗ ಮೆಟ್ಟೆ ಮೊದಲು ಮುನಿಸಿಕೊಂಡಳು, ಈಗ ಬಾವುಟಗಳನ್ನು ಅಲ್ಲಿಗೇ ಹೊತ್ತು ತರುತ್ತಾಳಂತೆ. ಹಾಡೂ ಇರುತ್ತದಂತೆ, ಕೆಳಗೆ ನಿಂತು ಹಾಡಲಿ, ಮೇಲಿದ್ದವರಿಗೆ ಕೇಳಿಸುವುದಿಲ್ಲ. ನೀನು ಅಂದು ಇಲ್ಲಿರುವುದಿಲ್ಲ ಎಂಬುದೊಂದೇ ಕೊರತೆ. ಕಂಬ ಹತ್ತುವಾಗ ಪಟ್ಟಿ ಎರಡು ಸಲ ನೋಡಿಕೋ. ಠಾಣೆಯ ನಿನ್ನ ಗೆಳೆಯರಿಗೆಲ್ಲ ನನ್ನ ನೆನಪು ತಿಳಿಸು. ಹೊದ್ದು ಮಲಗು, ಹೊಟ್ಟೆ ತುಂಬ ಉಣ್ಣು, ನಿನ್ನ ಒಳಿತನ್ನೇ ನೆನೆಯುತ್ತಾ,

ನಿನ್ನ
ಡಿಟ್ಟೆ

ಮರೆಯುವ ಮುನ್ನ: ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆಯ ಫೋನು ಬಂತು. ಮುನಿಸಿಪಾಲಿಟಿಗೆ ತಾವೇ ಫೋನು ಮಾಡಿ, ಆ ಕೋಣೆ ಬೇಕಾದವರಿಗೆ ಕೊಡಿ ಎಂದು ಹೇಳಿಬಿಟ್ಟರಂತೆ. ಶನಿವಾರ ಬರುತ್ತಾರೆ. ಕೆಳಗಿನ ನಿನ್ನ ಕೆಲಸದ ಕೋಣೆಯೇ ಆಗಬೇಕು, ಮೆಟ್ಟಿಲಿಲ್ಲದ್ದು ಅದೊಂದೇ. ನಿನ್ನ ಮೇಜು, ತಂತಿಸುರುಳಿ, ಮೀನಿನ ಗಾಳ ಎಲ್ಲವನ್ನೂ ಇವತ್ತೇ ಶೆಡ್ಡಿಗೆ ಸಾಗಿಸುತ್ತೇನೆ. ನಿನ್ನನ್ನು ಕೇಳಬೇಕಿತ್ತು, ಗೊತ್ತು. ಹಾಗೆಂದು ಅತ್ತೆಗೆ ಹೇಳಿದ್ದಕ್ಕೆ, "ಅವನು ನನ್ನನ್ನ ಕೇಳಿದ್ನಾ?" ಎಂದರು. ಆಲೂಗಡ್ಡೆಯನ್ನು ಇನ್ನು ಮುಂದೆ ಅವರೇ ಬೇಯಿಸುತ್ತಾರಂತೆ. ಮೆಟ್ಟೆಗೆ ಇದೊಂದೂ ಗೊತ್ತಿಲ್ಲ, ಅವಳಿಗೆ ನೀನೇ ಬರೆ.